ಮಕ್ಕಳ ವಾರ್ಡ್ ಪೋಸ್ಟಿಂಗ್: ಸಹಿ ಹಾಕಿ ಲೈಬ್ರರಿಗೆ ಹೋಗುವವರಿಗೆ ಒಂದು ಮಾತು

ಹೌಸ್‌ಸರ್ಜನ್, ದಾವಣಗೆರೆ ಕಡೆ

ಜೂನಿಯರ್‌ಗಳು ಮೆಸೇಜ್ ಮಾಡಿ ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಪೀಡಿಯಾಟ್ರಿಕ್ಸ್ ಪೋಸ್ಟಿಂಗ್ ಹಗುರನಾ? ಬೆಳಗ್ಗೆ ಸಹಿ ಹಾಕಿ ಓದೋಕೆ ಹೋಗಬಹುದಾ? ನೀಟ್ ಪಿಜಿ ಒತ್ತಡ ಏನು ಅಂತ ನನಗೂ ಗೊತ್ತು. ಆದರೂ ನನ್ನ ಉತ್ತರ ಒಂದೇ: ಬೇರೆ ಯಾವ ಪೋಸ್ಟಿಂಗ್ ತಪ್ಪಿಸಿದರೂ ಇದನ್ನು ತಪ್ಪಿಸಬೇಡಿ. ಮುಂದೆ ಯಾವುದೋ ಪಿಎಚ್‌ಸಿಯಲ್ಲಿ ಒಬ್ಬರೇ ಕೂತಾಗ ಓಪಿಡಿಗೆ ಬರುವವರಲ್ಲಿ ಎಷ್ಟೊಂದು ಮಂದಿ ಕಂಕುಳಲ್ಲಿ ಮಗು ಎತ್ತಿಕೊಂಡೇ ಬರುತ್ತಾರೆ. ಆಗ ಕೈಹಿಡಿಯೋದು ಇಲ್ಲಿ ಕಲಿತದ್ದು.

ಮೊದಲು ತೂಕದ ವಿಷಯ. ದೊಡ್ಡವರಿಗೆ ಜ್ವರ ಅಂದರೆ ಒಂದು ಮಾತ್ರೆ, ಮುಗೀತು. ಇಲ್ಲಿ ಪ್ಯಾರಾಸಿಟಮಾಲ್ ಕಿಲೋಗೆ 15 ಮಿಲಿಗ್ರಾಂ. 8 ಕಿಲೋ ಮಗುವಿಗೆ 120. ಲೆಕ್ಕ ಸುಲಭ. ಆದರೆ ತಾಯಿಯ ಚೀಲದಲ್ಲಿ ಯಾವ ಬಾಟಲಿ ಇದೆ? 5 ಎಂಎಲ್‌ಗೆ 120 ಇರುವ ಸಿರಪ್ ಬೇರೆ, 250 ಇರುವುದು ಬೇರೆ, 1 ಎಂಎಲ್‌ಗೇ 100 ಮಿಲಿಗ್ರಾಂ ಇರುವ ಡ್ರಾಪ್ಸ್ ಬೇರೆ. ಡ್ರಾಪ್ಸ್ ಬಾಟಲಿಯಿಂದ 5 ಎಂಎಲ್ ಕುಡಿಸಿದರೆ 500 ಮಿಲಿಗ್ರಾಂ ಒಳಗೆ ಹೋಯಿತು. ಹಾಗಾಗಿ "ಒಂದು ಮುಚ್ಚಳ ಹಾಕಿ" ಅಂತ ಯಾವತ್ತೂ ಹೇಳಬೇಡಿ. ಬಾಟಲಿ ತರಿಸಿ, ಓದಿ, ಸಿರಿಂಜಿನ ಮೇಲೆ ಪೆನ್ನಿನಲ್ಲಿ ಗೆರೆ ಎಳೆದು ಕೊಡಿ.

ಐವಿ ಫ್ಲೂಯಿಡ್ ಕೂಡ ಅಷ್ಟೇ. ಮೊದಲ 10 ಕಿಲೋಗೆ ಕಿಲೋಗೆ 100 ಎಂಎಲ್, ಮುಂದಿನ 10ಕ್ಕೆ 50, ಅದರ ಮೇಲೆ 20. ಹಾಲಿಡೇ ಮತ್ತು ಸೆಗರ್ 1957ರಲ್ಲಿ ಕೊಟ್ಟ ಸೂತ್ರ ಇವತ್ತಿಗೂ ನಡೆಯುತ್ತಿದೆ. 14 ಕಿಲೋ ಮಗುವಿಗೆ ದಿನಕ್ಕೆ 1200, ಗಂಟೆಗೆ 50. ಎಂಸಿಕ್ಯುನಲ್ಲಿ ಎಲ್ಲರೂ ಸರಿ ಉತ್ತರ ಹಾಕುತ್ತೀರಿ. ರಾತ್ರಿ ಎರಡು ಗಂಟೆಗೆ ಸಿಸ್ಟರ್ "ಡಾಕ್ಟ್ರೇ, ರೇಟ್ ಎಷ್ಟು?" ಅಂದಾಗ ಬಾಯಲ್ಲಿ ಬರಬೇಕು.

ಇನ್ನು ಉಸಿರು ಎಣಿಸೋದು. ಇದಕ್ಕೆ ಯಾವ ಮೆಷಿನೂ ಬೇಡ. ಒಂಬತ್ತು ತಿಂಗಳ ಮಗು ತಾಯಿಯ ಮಡಿಲಲ್ಲಿ ಮಲಗಿದೆ ಅಂದ್ಕೊಳ್ಳಿ. ಎಬ್ಬಿಸಬೇಡಿ, ಸ್ಟೆತ್ ಇಡಬೇಡಿ. "ಅಂಗಿ ಸ್ವಲ್ಪ ಮೇಲೆ ಮಾಡ್ತೀರಾಮ್ಮ" ಅಂತ ಕೇಳಿ, ವಾಚ್ ಹಿಡಿದು ಹೊಟ್ಟೆ ಏರಿಳಿಯೋದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸೋದು ಬೇಡ, ಮಕ್ಕಳ ಉಸಿರು ಒಂದೇ ಸಮ ಇರೋದಿಲ್ಲ. ಎರಡು ತಿಂಗಳೊಳಗೆ 60, ಎರಡರಿಂದ ಹನ್ನೆರಡು ತಿಂಗಳವರೆಗೆ 50, ಒಂದರಿಂದ ಐದು ವರ್ಷಕ್ಕೆ 40. ಅಷ್ಟು ಮುಟ್ಟಿದರೆ ಅದು ವೇಗದ ಉಸಿರು. ಎಣಿಸುವಾಗಲೇ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದೆಯಾ ಅಂತಲೂ ನೋಡಿ. ಎಕ್ಸ್-ರೇ ಬರುವ ಮೊದಲೇ ನಿಮಗೆ ಅರ್ಧ ಉತ್ತರ ಸಿಕ್ಕಿರುತ್ತದೆ.

ನೀವೂ ಕಂಡದ್ದನ್ನು ಬರೀರಿ. ಮುಂದಿನ ಬ್ಯಾಚಿಗೆ ಉಪಯೋಗ ಆಗಲಿ.

ಫೈನಲ್ ಇಯರ್, ಹಾಸನ

ಅಣ್ಣ, ನನ್ನ ಸಮಸ್ಯೆ ಬೇರೆ. ಬಿಳಿ ಕೋಟು ನೋಡಿದ ತಕ್ಷಣ ಮಗು ಕಿರುಚುತ್ತೆ. ಅತ್ತರೆ ಹಾರ್ಟ್ ಸೌಂಡ್ ಕೇಳಿಸಲ್ಲ, ಹೊಟ್ಟೆ ಗಟ್ಟಿ ಆಗುತ್ತೆ, ಲಿವರ್ ಸಿಗಲ್ಲ. ಪರೀಕ್ಷೆಯಲ್ಲಿ ಇರೋದೇ ಮುಕ್ಕಾಲು ಗಂಟೆ. ಏನು ಮಾಡೋದು? ಇನ್ನೊಂದು, ಡೆವಲಪ್‌ಮೆಂಟ್ ಹಿಸ್ಟರಿ ಕೇಳಿದರೆ ಎಲ್ಲಾ ತಾಯಂದಿರೂ "ಎಲ್ಲಾ ಸರಿಯಾಗೇ ಮಾಡ್ದ" ಅಂತಾರೆ. ತಿಂಗಳು ಹೇಳಲ್ಲ.

ಪಿಜಿ, ಮಕ್ಕಳ ವಿಭಾಗ

ಕೋಟು ತೆಗೆದು ಕುರ್ಚಿ ಮೇಲೆ ಹಾಕಿ. ಇದು ತಮಾಷೆ ಅಲ್ಲ, ಎಷ್ಟೋ ಮಕ್ಕಳ ಅಳು ಅಲ್ಲಿಗೇ ಅರ್ಧ ಕಡಿಮೆ ಆಗುತ್ತೆ.

ಮಗುವಿನ ಹತ್ತಿರ ನಿಂತು ಮಾತಾಡಬೇಡಿ, ಕೂತ್ಕೊಳ್ಳಿ. ಮೊದಲ ಐದು ನಿಮಿಷ ಮಗುವಿನ ಕಡೆ ನೋಡಲೇಬೇಡಿ, ತಾಯಿ ಜೊತೆ ಮಾತಾಡಿ. ಮಗು ತಾನಾಗಿ ನಿಮ್ಮನ್ನು ಗಮನಿಸುತ್ತೆ. ಆಮೇಲೆ ಸ್ಟೆತ್ ಅದರ ಕೈಗೇ ಕೊಡಿ, ಆಡಲಿ. ತಲೆಯಿಂದ ಕಾಲಿನವರೆಗೆ ಅನ್ನುವ ಕ್ರಮ ಬರೆಯೋಕೆ ಮಾತ್ರ, ನೋಡೋಕೆ ಅಲ್ಲ. ಮಗು ಸುಮ್ಮನಿದ್ದಾಗ ಏನು ಸಿಗುತ್ತೋ ಅದನ್ನು ಮೊದಲು ನೋಡಿ: ಉಸಿರು, ಎದೆ ಸದ್ದು, ನೆತ್ತಿ. ನೆತ್ತಿ ಉಬ್ಬಿದೆಯಾ ಅಂತ ನೋಡೋದು ಮಗು ಕೂತು, ಅಳದೆ ಇರುವಾಗ ಮಾತ್ರ. ಗಂಟಲು ಮತ್ತು ಕಿವಿ ಕೊನೆಗೆ. ಸ್ಪ್ಯಾಚುಲಾ ಬಾಯಿಗಿಟ್ಟ ಮೇಲೆ ಆ ಮಗು ನಿಮ್ಮನ್ನು ಹತ್ತಿರ ಬಿಟ್ಟುಕೊಳ್ಳಲ್ಲ.

ಎಲ್ಲಾ ಮಾಡೋದು ತಾಯಿಯ ಮಡಿಲಲ್ಲೇ. ಮಂಚದ ಮೇಲೆ ಮಲಗಿಸಿ ಅನ್ನೋದು ಹೊಟ್ಟೆ ನೋಡುವಾಗ ಮಾತ್ರ. ಕೈ ತಣ್ಣಗಿದ್ದರೆ ಉಜ್ಜಿಕೊಳ್ಳಿ. ಸ್ಟೆತ್ ತುದಿಯನ್ನೂ ಅಂಗೈಯಲ್ಲಿ ಬಿಸಿ ಮಾಡಿ.

ಡೆವಲಪ್‌ಮೆಂಟ್‌ಗೆ ಹಬ್ಬ ಹಿಡಿದು ಕೇಳಿ. "ಯುಗಾದಿ ಹೊತ್ತಿಗೆ ಕತ್ತು ನಿಂತಿತ್ತಾ? ಗೌರಿ-ಗಣೇಶ ಬಂದಾಗ ಬೋರಲು ಬೀಳ್ತಿದ್ನಾ? ದೀಪಾವಳಿಗೆ ತಾನೇ ಕೂರ್ತಿದ್ನಾ?" ತಕ್ಷಣ ಉತ್ತರ ಬರುತ್ತೆ. "ಇಲ್ಲ ಮೇಡಂ, ಗಣಪತಿ ಕೂರ್ಸಿದಾಗ ಇನ್ನೂ ಮಲಗಿಸಿದ ಕಡೆನೇ ಇದ್ದ, ನಮ್ಮತ್ತೆ ಅವತ್ತೇ ಹೇಳಿದ್ರು" ಅಂತ ಒಬ್ಬ ತಾಯಿ ಹೇಳಿದಾಗ ಕೇಸಿನ ದಾರಿಯೇ ಬದಲಾಯಿತು. ಹುಟ್ಟಿದ ತಿಂಗಳು ಗೊತ್ತಿದ್ದರೆ ಉಳಿದದ್ದು ಬೆರಳಲ್ಲಿ ಎಣಿಸೋ ಲೆಕ್ಕ.

ಲಸಿಕೆ ವಿಷಯದಲ್ಲಿ ಬಾಯಿ ಮಾತು ನಂಬಬೇಡಿ. ತಾಯಿ ಕಾರ್ಡ್ ಕೇಳಿ ನೋಡಿ. ಎಡ ತೋಳಿನ ಮೇಲೆ ಬಿಸಿಜಿ ಕಲೆ ಇದೆಯಾ ನೋಡಿ. ಆರು, ಹತ್ತು, ಹದಿನಾಲ್ಕನೇ ವಾರ, ಆಮೇಲೆ ಒಂಬತ್ತನೇ ತಿಂಗಳು. ಹೆಚ್ಚಾಗಿ ತಪ್ಪಿಹೋಗೋದು ಹೆರಿಗೆಗೆ ತವರಿಗೆ ಹೋಗಿ ಗಂಡನ ಮನೆಗೆ ವಾಪಸ್ ಬರುವ ನಡುವೆ. ಅದನ್ನು ನೇರವಾಗಿ ಕೇಳಿ. ಸಂಬಂಧದಲ್ಲಿ ಮದುವೆನಾ ಅನ್ನೋದನ್ನೂ ಕೇಳಲೇಬೇಕು, ಆದರೆ ತಪ್ಪು ಮಾಡಿದ್ದಾರೆ ಅನ್ನೋ ದನಿಯಲ್ಲಿ ಅಲ್ಲ.

ಕೊಪ್ಪಳದವ, ಈಗ ಬಾಂಡ್ ಡ್ಯೂಟಿ

ನಮ್ಮ ಕಡೆ ಇರೋದು ಬೇರೆಯೇ ಪಾಠ. ಚೇಳು.

ಸಂಜೆ ಹೊತ್ತು ಕಟ್ಟಿಗೆ ರಾಶಿ ಹತ್ತಿರ ಆಡುತ್ತಿದ್ದ ಹುಡುಗ. ಕೆಂಪು ಚೇಳು ಕಡಿದಿದೆ. ಕ್ಯಾಶುವಾಲ್ಟಿಗೆ ಬಂದಾಗ ಅಳು ಇಲ್ಲ, ಅದೇ ಹೆದರಿಕೆಯ ವಿಷಯ. ಮೈಯೆಲ್ಲಾ ಬೆವರು, ಎರಡು ಸಲ ವಾಂತಿ, ಬಾಯಲ್ಲಿ ಜೊಲ್ಲು, ಕೈಕಾಲು ಮಂಜಿನಂತೆ ತಣ್ಣಗೆ. ಕಡಿದ ಜಾಗದಲ್ಲಿ ಹೇಳಿಕೊಳ್ಳುವಂಥ ನೋವೂ ಇಲ್ಲ. ಹೊಸಬರಿಗೆ ಇದು ಸಣ್ಣದು ಅನ್ನಿಸುತ್ತೆ. ಅಲ್ಲ. ವಿಷ ಆಗಲೇ ಹೃದಯದ ಮೇಲೆ ಕೆಲಸ ಶುರು ಮಾಡಿದೆ, ಇನ್ನು ಸ್ವಲ್ಪ ಹೊತ್ತಿಗೆ ಶ್ವಾಸಕೋಶದಲ್ಲಿ ನೀರು ತುಂಬಬಹುದು.

ಕೊಡಬೇಕಾದ್ದು ಪ್ರಜೋಸಿನ್ ಮಾತ್ರೆ. ಕಿಲೋಗೆ 30 ಮೈಕ್ರೋಗ್ರಾಂ, ಕೈಕಾಲು ಬೆಚ್ಚಗಾಗುವ ತನಕ ಮೂರು ಗಂಟೆಗೊಮ್ಮೆ. ಮಾತ್ರೆ ಕೊಟ್ಟ ಮೇಲೆ ಮಗುವನ್ನು ಎತ್ತಿ ಕೂರಿಸಬಾರದು, ಬಿಪಿ ಬೀಳುತ್ತೆ. ಮಲಗಿಸಿಯೇ ನೋಡಬೇಕು. ಚೇಳಿನ ಆಂಟಿವೆನಮ್ ಸಿಕ್ಕರೆ ಜೊತೆಗೆ ಅದೂ. ಈ ಪ್ರಜೋಸಿನ್ ದಾರಿ ತೋರಿಸಿದವರು ಮಹಾರಾಷ್ಟ್ರದ ಮಹಾಡ್‌ನ ಡಾ. ಹಿಮ್ಮತ್‌ರಾವ್ ಬಾವಸ್ಕರ್. ದೊಡ್ಡ ಲ್ಯಾಬ್ ಇರಲಿಲ್ಲ, ಕೊಂಕಣದ ಹಳ್ಳಿಗಾಡಿನಲ್ಲಿ ರೋಗಿಗಳ ಪಕ್ಕ ರಾತ್ರಿಯಿಡೀ ಕೂತು ನೋಡಿ ಬರೆದಿಟ್ಟ ಕೆಲಸ ಅದು. 2022ರಲ್ಲಿ ಪದ್ಮಶ್ರೀ ಬಂತು. ನನಗೆ ಅವರ ಬಗ್ಗೆ ತುಂಬಾ ಗೌರವ, ಅದಕ್ಕೇ ಇಷ್ಟು ಬರೆದೆ.

ಹಾವು ಕಡಿದ ಮಗು ಬಂದರೆ ಮಾತ್ರ ತೂಕದ ಲೆಕ್ಕ ಮರೆತುಬಿಡಿ. ಎಎಸ್‌ವಿ (ಹಾವಿನ ವಿಷಕ್ಕೆ ಕೊಡುವ ಮದ್ದು) ದೊಡ್ಡವರಿಗೆ ಎಷ್ಟೋ ಮಗುವಿಗೂ ಅಷ್ಟೇ. ಹಾವು ಚಿಕ್ಕವರು ಅಂತ ವಿಷ ಕಡಿಮೆ ಬಿಡೋದಿಲ್ಲ.

ಎನ್‌ಐಸಿಯು (ನವಜಾತ ಶಿಶುಗಳ ಐಸಿಯು) ಸಿಸ್ಟರ್

ಸ್ಟೂಡೆಂಟ್ಸ್‌ಗೆ ನಾನು ಹೇಳೋದು ಬಾಗಿಲಲ್ಲೇ ಶುರು. ವಾಚ್, ಉಂಗುರ, ಬಳೆ, ಕೈಗೆ ಕಟ್ಟಿದ ದಾರ ಎಲ್ಲಾ ತೆಗೀರಿ. ಮೊಣಕೈ ತನಕ ತೊಳೀರಿ. ಒಂದು ಕೂಸಿನಿಂದ ಇನ್ನೊಂದು ಕೂಸಿನ ಹತ್ತಿರ ಹೋಗುವಾಗ ಮತ್ತೆ ಹ್ಯಾಂಡ್‌ರಬ್. ಮೊಬೈಲ್ ಹೊರಗೆ. ನಾವು ರೇಗ್ತೀವಿ ಅಂತ ಬೇಜಾರು ಮಾಡ್ಕೋಬೇಡಿ. ಒಂದು ಕಿಲೋ ಕೂಸಿಗೆ ಸೋಂಕು ತಗುಲಿದರೆ ಮೊದಲ ದಿನ ಏನೂ ಗೊತ್ತಾಗಲ್ಲ. ಹಾಲು ಸ್ವಲ್ಪ ಕಡಿಮೆ ಕುಡಿಯುತ್ತೆ, ಮೈ ಸ್ವಲ್ಪ ತಣ್ಣಗಿರುತ್ತೆ, ಅಷ್ಟೇ. ನಾವು "ಕೂಸು ಇವತ್ತು ಯಾಕೋ ಸರಿ ಇಲ್ಲ ಡಾಕ್ಟ್ರೇ" ಅಂದರೆ ದಯವಿಟ್ಟು ಬಂದು ನೋಡಿ.

ಪೋಸ್ಟಿಂಗ್‌ನಲ್ಲಿ ಕಾಂಗರೂ ಮದರ್ ಕೇರ್ ಒಂದನ್ನು ಸರಿಯಾಗಿ ಕಲೀರಿ. ಇದು ಕೊಲಂಬಿಯಾದ ಬೊಗೊಟಾದಲ್ಲಿ 1978ರಲ್ಲಿ ಶುರುವಾದದ್ದು, ಡಾಕ್ಟರ್ ಎಡ್ಗರ್ ರೇ ಶುರು ಮಾಡಿದ್ದು. ಇನ್‌ಕ್ಯುಬೇಟರ್ ಸಾಲದೆ ಒಂದರಲ್ಲೇ ಎರಡು ಮೂರು ಕೂಸು ಮಲಗಿಸುವ ಪರಿಸ್ಥಿತಿ ಅಲ್ಲಿ. ತಾಯಿಯ ಎದೆಗೇ ಕಟ್ಟಿದರು. ಮೊದಲೆಲ್ಲಾ ಕೂಸು ಸ್ಟೇಬಲ್ ಆದ ಮೇಲೆ ಕೊಡಬೇಕು ಅಂತಿದ್ದರು. 2021ರಲ್ಲಿ ಭಾರತ ಸೇರಿ ಐದು ದೇಶಗಳಲ್ಲಿ ನಡೆದ ಅಧ್ಯಯನ ಬಂದ ಮೇಲೆ ಅದು ಬದಲಾಯಿತು. ಹುಟ್ಟಿದ ಕೂಡಲೇ ಶುರು ಮಾಡಿದರೆ 28 ದಿನದೊಳಗಿನ ಸಾವು ಶೇ. 25ರಷ್ಟು ಕಡಿಮೆ.

ಮಾಡಿಸುವಾಗ ನೋಡಿ. ಕೂಸಿಗೆ ಟೋಪಿ, ಕಾಲುಚೀಲ, ಡಯಾಪರ್ ಮಾತ್ರ. ಎರಡು ಮೊಲೆಗಳ ನಡುವೆ ಕಪ್ಪೆ ಕೂತ ಹಾಗೆ ನೆಟ್ಟಗೆ ಇಡಬೇಕು, ತಲೆ ಒಂದು ಕಡೆಗೆ ತಿರುಗಿ ಸ್ವಲ್ಪ ಮೇಲೆದ್ದಿರಬೇಕು. ಕತ್ತು ಮುಂದೆ ಬಾಗಿದರೆ ಉಸಿರು ಕಟ್ಟುತ್ತೆ. ಸಿಸೇರಿಯನ್ ಆದ ತಾಯಿಗೆ ಬೆನ್ನಿಗೆ ದಿಂಬು ಬೇಕು. ತಾಯಿಗೆ ಆಗದಿದ್ದರೆ ಅಜ್ಜಿ, ಅಪ್ಪ ಯಾರಾದರೂ ಸರಿ. ನಮ್ಮಲ್ಲಿ ಅಪ್ಪಂದಿರು ಮೊದಲು ನಾಚಿಕೊಳ್ಳುತ್ತಾರೆ, ಒಂದು ಸಲ ಇಟ್ಟುಕೊಂಡ ಮೇಲೆ ಬಿಟ್ಟುಕೊಡೋದೇ ಇಲ್ಲ.

ಡಿಸ್ಚಾರ್ಜ್ ಸಮ್ಮರಿ ಬರೆಯೋದು ನೀವೇ ತಾನೇ? 2 ಕಿಲೋಗಿಂತ ಕಡಿಮೆ ತೂಕ ಅಥವಾ 34 ವಾರಕ್ಕಿಂತ ಮೊದಲು ಹುಟ್ಟಿದ್ದರೆ 30 ದಿನದೊಳಗೆ ಕಣ್ಣಿನ ಪರೀಕ್ಷೆ ಅಂತ ತಾರೀಖು ಹಾಕಿ ಬರೀರಿ. "ಐ ಚೆಕಪ್ ಅಡ್ವೈಸ್ಡ್" ಅಂತ ಬರೆದರೆ ಯಾರೂ ಬರಲ್ಲ. ಆರ್‌ಒಪಿ (ದಿನ ತುಂಬದ ಕೂಸುಗಳಿಗೆ ಬರುವ ಕಣ್ಣಿನ ಒಳಪದರದ ಕಾಯಿಲೆ) ಹೊರಗಿಂದ ಕಾಣಲ್ಲ, ಗೊತ್ತಾಗುವಷ್ಟರಲ್ಲಿ ದೃಷ್ಟಿ ಹೋಗಿರುತ್ತೆ. ನಮ್ಮ ರಾಜ್ಯದಲ್ಲಿ 2008ರಿಂದ ನಾರಾಯಣ ನೇತ್ರಾಲಯದ ಕಿಡ್‌ರಾಪ್ ತಂಡದವರು ಕ್ಯಾಮೆರಾ ಹೊತ್ತುಕೊಂಡು ಜಿಲ್ಲೆಗಳ ಎನ್‌ಐಸಿಯುಗೇ ಬಂದು ಫೋಟೋ ತೆಗೆದು ನೋಡುವ ಕೆಲಸ ಮಾಡ್ತಿದ್ದಾರೆ. ಅವರು ಬರುವ ದಿನ ಇದ್ದರೆ ನಿಂತು ನೋಡಿ.

ನೀಟ್ ಆಕಾಂಕ್ಷಿ

ಎಲ್ಲಾ ಸರಿ. ಆದರೆ ನಮ್ಮ ಯೂನಿಟ್‌ನಲ್ಲಿ ಹೌಸ್‌ಸರ್ಜನ್ ಕೆಲಸ ಅಂದರೆ ಸ್ಯಾಂಪಲ್ ಹಿಡ್ಕೊಂಡು ಲ್ಯಾಬಿಗೆ ಓಡೋದು, ರಿಪೋರ್ಟ್ ತರೋದು, ಟ್ರಾಲಿ ತಳ್ಳೋದು, ಫೋಟೋಕಾಪಿ. ರೌಂಡ್ಸ್‌ನಲ್ಲಿ ಕೊನೇ ಸಾಲು. ಇದರಲ್ಲಿ ಏನು ಕಲಿಯೋದು? ಆ ಹೊತ್ತಿನಲ್ಲಿ ಇನ್ನೂರು ಪ್ರಶ್ನೆ ಬಿಡಿಸ್ತೀನಿ. ಸೀಟು ಸಿಗದಿದ್ದರೆ ಯಾರು ಕೇಳ್ತಾರೆ?

ಹೌಸ್‌ಸರ್ಜನ್, ದಾವಣಗೆರೆ ಕಡೆ

ನಿಮ್ಮ ದೂರು ನೂರಕ್ಕೆ ನೂರು ನ್ಯಾಯ. ವಾರ್ಡ್ ಬಾಯ್ ನೇಮಕ ಮಾಡದೆ ಆ ಕೆಲಸ ಹೌಸ್‌ಸರ್ಜನ್ ತಲೆಗೆ ಕಟ್ಟೋದು ತಪ್ಪು. ಇದನ್ನು ಒಬ್ಬೊಬ್ಬರೇ ಗೊಣಗುವ ಬದಲು ಬ್ಯಾಚಿನವರು ಸೇರಿ ಎಚ್‌ಒಡಿಗೆ ಬರೆದು ಕೊಡಬೇಕು. ನಾವು ಹಾಗೆ ಬರೆದು ಕೊಟ್ಟ ಮೇಲೆ ರಾತ್ರಿ ಹೊತ್ತಿಗೆ ಒಬ್ಬ ಅಟೆಂಡರ್ ಬಂದರು.

ಆದರೆ ರಕ್ತ ತೆಗೆದು ಓಡಿಸುವುದಕ್ಕೂ, ಮಗುವಿನ ನರ ಹುಡುಕಿ ಕ್ಯಾನುಲಾ ಹಾಕುವುದಕ್ಕೂ ವ್ಯತ್ಯಾಸ ಇದೆ ಅಲ್ವಾ? ಎರಡನೆಯದನ್ನು ಯಾವ ಪ್ರಶ್ನೆ ಬ್ಯಾಂಕೂ ಕಲಿಸಲ್ಲ. ನಾನು ಪಿಜಿಗಳ ಹತ್ತಿರ ನೇರವಾಗಿ ಕೇಳ್ತಿದ್ದೆ: "ಸರ್, ನಾನು ಸ್ಯಾಂಪಲ್ ಕೊಟ್ಟು ಬರ್ತೀನಿ, ಮುಂದಿನ ಎಲ್‌ಪಿ (ಬೆನ್ನಿಗೆ ಸೂಜಿ ಹಾಕಿ ನೀರು ತೆಗೆಯೋದು) ಮಾಡುವಾಗ ಕರೀರಿ." ಕರೆದರು. ನಾಚಿಕೊಂಡರೆ ಆಗಲ್ಲ.

ಒಬ್ಬ ತಾಯಿ, ತುಮಕೂರು

ನಾನು ಡಾಕ್ಟರ್ ಅಲ್ಲ. ನನ್ನ ಮಗನಿಗೆ ನೆಫ್ರೋಟಿಕ್ ಇದೆ, ಉಚ್ಚೆಯಲ್ಲಿ ಪ್ರೋಟೀನ್ ಹೋಗುವ ಕಿಡ್ನಿ ಕಾಯಿಲೆ. ಆಸ್ಪತ್ರೆ, ಸ್ಟೂಡೆಂಟ್ಸ್ ಎಲ್ಲಾ ನಮಗೆ ಅಭ್ಯಾಸ. ಇಲ್ಲಿ ಓದ್ತಿರುವ ಮಕ್ಕಳಿಗೆ ಒಂದೆರಡು ಮಾತು ಹೇಳಬೇಕು ಅನ್ನಿಸಿತು.

ನೀವು ಕಲಿಯೋಕೆ ಬರೋದು ನಮಗೆ ಗೊತ್ತು. ಬೇಡ ಅನ್ನಲ್ಲ. ಆದರೆ ಒಂದೇ ಬೆಳಗ್ಗೆ ಐದಾರು ಗುಂಪು ಬಂದು ಅದೇ ಕಥೆ ಕೇಳಿದರೆ, ಅವನ ಊದಿದ ಹೊಟ್ಟೆ ತಟ್ಟಿ ತಟ್ಟಿ ನೋಡಿದರೆ, ಅವನಿಗೆ ಹೇಗಿರುತ್ತೆ? ಹುಡುಗನಿಗೆ ಆರು ವರ್ಷ, ಚಡ್ಡಿ ಇಳಿಸಿ ನೋಡುವ ಮುಂಚೆ ಅವನನ್ನೂ ಒಂದು ಮಾತು ಕೇಳಬೇಕು. ಪರದೆ ಎಳೆಯಬೇಕು. ಒಬ್ಬ ಹುಡುಗಿ ಬಂದು "ನಮಸ್ಕಾರ ಅಕ್ಕ, ನಾನು ಸ್ಟೂಡೆಂಟ್, ಹತ್ತು ನಿಮಿಷ ಮಾತಾಡಬಹುದಾ? ಬೇಡ ಅಂದ್ರೂ ಪರವಾಗಿಲ್ಲ" ಅಂದಳು. ಅವಳಿಗೆ ನಾನು ಒಂದು ಗಂಟೆ ಹೇಳಿದೆ.

ನನ್ನ ಹತ್ತಿರ ಒಂದು ನೋಟ್‌ಬುಕ್ ಇದೆ. ದಿನಾ ಬೆಳಗ್ಗೆ ಮೊದಲ ಉಚ್ಚೆ ಹಿಡಿದು ಸ್ಟ್ರಿಪ್ ಅದ್ದಿ ಬಣ್ಣ ನೋಡಿ ಬರೀತೀನಿ. ನಿಲ್, 1 ಪ್ಲಸ್, 2 ಪ್ಲಸ್. ಮೂರು ದಿನ ಸತತ 3 ಪ್ಲಸ್ ಬಂದರೆ ಕಾಯಿಲೆ ಮರುಕಳಿಸಿದೆ ಅಂತ. ಕಣ್ಣು ಊದಿಕೊಳ್ಳೋಕೆ ಮೊದಲೇ ನನಗೆ ಗೊತ್ತಾಗುತ್ತೆ. ಸ್ಟಿರಾಯ್ಡ್ ಯಾವತ್ತು ಎಷ್ಟು ಕೊಟ್ಟೆ ಎಲ್ಲಾ ಇದೆ. ಎಷ್ಟೋ ಸ್ಟೂಡೆಂಟ್ಸ್ ಆ ಪುಸ್ತಕ ಕೇಳೋದೇ ಇಲ್ಲ. ತಲೆದಿಂಬಿನ ಪಕ್ಕದಲ್ಲೇ ಇರುತ್ತೆ.

ಇನ್ನೊಂದು. ನಮ್ಮ ಮುಂದೆಯೇ ಇಂಗ್ಲಿಷಿನಲ್ಲಿ ಮಾತಾಡಿಕೊಂಡು ತಲೆ ಅಲ್ಲಾಡಿಸಿ ಹೋಗಬೇಡಿ. ಅವತ್ತು ರಾತ್ರಿ ನಮಗೆ ನಿದ್ದೆ ಬರಲ್ಲ.

ಫೈನಲ್ ಇಯರ್, ಹಾಸನ

ಅಕ್ಕ, ತುಂಬಾ ಥ್ಯಾಂಕ್ಸ್. ಸ್ಕ್ರೀನ್‌ಶಾಟ್ ತೆಗೆದು ಬ್ಯಾಚ್ ಗ್ರೂಪಿಗೆ ಹಾಕಿದ್ದೀನಿ. ನೋಟ್‌ಬುಕ್ ಕೇಳಬೇಕು ಅನ್ನೋದು ನಮಗೆ ಯಾರೂ ಹೇಳಿರಲಿಲ್ಲ.

ಪಿಜಿ, ಮಕ್ಕಳ ವಿಭಾಗ

ಅಕ್ಕ ಹೇಳಿದ ಕೊನೆಯ ಮಾತು ನಮ್ಮಂಥ ಪಿಜಿಗಳಿಗೂ ಸೇರಿದ್ದು. ರೌಂಡ್ಸ್ ಮುಗಿದ ಮೇಲೆ ಒಬ್ಬರು ವಾಪಸ್ ಹೋಗಿ ಕನ್ನಡದಲ್ಲಿ ಹೇಳಿ ಬರೋದು ನಮ್ಮ ಯೂನಿಟ್‌ನಲ್ಲಿ ರೂಢಿ ಮಾಡ್ತೀನಿ.

ಮಳೆಗಾಲ ಹತ್ತಿರ ಬರ್ತಿದೆ, ಡೆಂಗಿ ಬಗ್ಗೆ ಸ್ವಲ್ಪ ಹೇಳಲೇಬೇಕು. ರಾತ್ರಿ ಡ್ಯೂಟಿಯಲ್ಲಿ ಪ್ರತಿ ವರ್ಷ ನಡೆಯುವ ಜಗಳ ಇದು. ನಾಲ್ಕು ದಿನ ಸುಡುಸುಡು ಜ್ವರ, ಐದನೇ ದಿನ ಜ್ವರ ಬಿಟ್ಟಿದೆ. ಅಪ್ಪ ಬಂದು "ಜ್ವರ ಹೋಯ್ತಲ್ಲ ಸರ್, ಡಿಸ್ಚಾರ್ಜ್ ಮಾಡಿ" ಅಂತಾರೆ. ಮಗು ಸುಮ್ಮನೆ ಮಲಗಿದೆ, ಹೊಟ್ಟೆ ನೋವು ಅಂತಿದೆ. ಆ ಹೊತ್ತೇ ಅಪಾಯದ ಹೊತ್ತು. ರಕ್ತನಾಳದಿಂದ ನೀರು ಸೋರಲು ಶುರುವಾಗೋದು ಜ್ವರ ಇಳಿಯುವ ಹೊತ್ತಿಗೆ. ಮುಂದಿನ 24ರಿಂದ 48 ಗಂಟೆ ಕಣ್ಣಿಟ್ಟು ಕಾಯಬೇಕು.

ಎಲ್ಲರೂ ಪ್ಲೇಟ್‌ಲೆಟ್ ಹಿಂದೆ ಬೀಳ್ತಾರೆ. ಮನೆಯವರೂ ಅದನ್ನೇ ಕೇಳ್ತಾರೆ, ಪಪ್ಪಾಯ ಎಲೆ ರಸ ಹಿಡಿದುಕೊಂಡು ನಿಂತಿರ್ತಾರೆ. ನೀವು ನೋಡಬೇಕಾದ್ದು ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ಏರುತ್ತಿದೆಯಾ, ಉಚ್ಚೆ ಆಗ್ತಿದೆಯಾ, ಪಾದ ತಣ್ಣಗಿದೆಯಾ, ಮೇಲಿನ ಬಿಪಿಗೂ ಕೆಳಗಿನ ಬಿಪಿಗೂ ಅಂತರ ಎಷ್ಟು ಅನ್ನೋದು. 90/72 ನೋಡಿ ಬಿಪಿ ಚೆನ್ನಾಗಿದೆ ಅನ್ನಬೇಡಿ. ಅಂತರ 20ಕ್ಕೆ ಇಳಿದರೆ ಶಾಕ್. ಮಕ್ಕಳಲ್ಲಿ ಮೇಲಿನ ಬಿಪಿ ಬೀಳೋದು ಕಟ್ಟಕಡೆಗೆ. ಮತ್ತೆ ಕಫ್ ಸರಿ ಅಳತೆಯದ್ದೇ ಇರಲಿ, ರೆಟ್ಟೆಯ ಮೂರನೇ ಎರಡು ಭಾಗ ಮುಚ್ಚಬೇಕು. ಚಿಕ್ಕ ಕಫ್ ಕಟ್ಟಿದರೆ ಬಿಪಿ ಸುಳ್ಳೇ ಜಾಸ್ತಿ ತೋರಿಸುತ್ತೆ.

ಆ ಅಪ್ಪನ ಜೊತೆ ಜಗಳ ಆಡಬೇಡಿ. ಮಗುವಿನ ಪಾದ ಮುಟ್ಟಿಸಿ ತೋರಿಸಿ. "ಮೈ ಬೆಚ್ಚಗಿದೆ, ಪಾದ ಯಾಕೆ ತಣ್ಣಗಿದೆ ನೋಡಿ" ಅಂದರೆ ಅರ್ಥ ಆಗುತ್ತೆ, ಇರ್ತಾರೆ.

ಕೊಪ್ಪಳದವ, ಈಗ ಬಾಂಡ್ ಡ್ಯೂಟಿ

ಬೇಧಿ ಕೇಸಿಗೂ ಇದೇ ದಾರಿ. "ಓಆರ್‌ಎಸ್ ಕೊಟ್ರಾ?" ಅಂತ ಕೇಳಿದರೆ ಹೂಂ ಅಂತಾರೆ. "ಹೆಂಗ್ ಕಲಿಸಿದ್ರಿ ಯವ್ವಾ, ತೋರಿಸ್ರಿ" ಅಂತ ಕೇಳಬೇಕು. ಪಾಕೀಟಿನ ಬಾಯಿ ಕತ್ತರಿಸಿ, ಒಂದು ಚಿಟಿಕೆ ಲೋಟಕ್ಕೆ ಉದುರಿಸಿ, ಉಳಿದದ್ದು ಮಡಚಿ ಸೆರಗಿನ ಗಂಟಿಗೆ ಕಟ್ಟಿಕೊಳ್ಳುವವರೂ ಇದ್ದಾರೆ, ಇಡೀ ಪಾಕೀಟು ಒಂದೇ ಲೋಟಕ್ಕೆ ಸುರಿಯುವವರೂ ಇದ್ದಾರೆ. ಎರಡನೆಯದು ಹೆಚ್ಚು ಅಪಾಯ, ಸೋಡಿಯಂ ಏರಿ ಫಿಟ್ಸ್ ಬರಬಹುದು. ದೊಡ್ಡ ಪಾಕೀಟು ಪೂರ್ತಿ ಒಂದು ಲೀಟರ್ ನೀರಿಗೆ. ನಾನು ಖಾಲಿ ಲೀಟರ್ ಬಾಟಲಿ ಮೇಜಿನ ಮೇಲೆ ಇಟ್ಟಿರ್ತೀನಿ, ಅಲ್ಲೇ ಕಲಿಸಿ ಕೊಡ್ತೀನಿ. ಚಮಚದಲ್ಲಿ ನಿಧಾನ ಕುಡಿಸಬೇಕು, ವಾಂತಿ ಆದರೆ ಹತ್ತು ನಿಮಿಷ ಬಿಟ್ಟು ಮತ್ತೆ. ಜೊತೆಗೆ ಝಿಂಕ್ 14 ದಿನ. ಬೇಧಿ ನಿಂತ ಮೇಲೂ ನಿಲ್ಲಿಸಬಾರದು.

1971ರಲ್ಲಿ ಬಂಗಾಳದ ಬನ್‌ಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದಾಗ ಡಾ. ದಿಲೀಪ್ ಮಹಲನಾಬಿಸ್ ಡ್ರಮ್‌ನಲ್ಲಿ ಉಪ್ಪು-ಗ್ಲೂಕೋಸ್ ನೀರು ಕಲಸಿಟ್ಟು ಮನೆಯವರ ಕೈಯಲ್ಲೇ ಕುಡಿಸಿದರು. ಐವಿ ಬಾಟಲಿ ಖಾಲಿಯಾಗಿತ್ತು. ಅಷ್ಟು ಸರಳ ಮದ್ದು, ಅದನ್ನು ಸರಿಯಾಗಿ ಹೇಳಿಕೊಡೋದು ನಮ್ಮ ಕೆಲಸ. ಬೈಯೋದು ಬೇಡ. ಹೊಟ್ಟೆಗೆ ಬರೆ ಹಾಕಿಸಿಕೊಂಡು ಬಂದ ಕೂಸನ್ನು ನೋಡಿದಾಗ ಸಿಟ್ಟು ಬರುತ್ತೆ, ನಿಜ. ಆದರೆ ಬೈಸಿಕೊಂಡವರು ಮುಂದಿನ ಸಲ ಇನ್ನೂ ತಡವಾಗಿ ಬರ್ತಾರೆ.

ನೀಟ್ ಆಕಾಂಕ್ಷಿ

ಎಲ್ಲಾ ಓದಿದೆ. ಎಚ್‌ಒಡಿಗೆ ಬರೆಯೋಕೆ ಬ್ಯಾಚಿನವರನ್ನು ಕೇಳ್ತೀನಿ. ಸೋಮವಾರದಿಂದ ನನ್ನನ್ನು ಎನ್‌ಆರ್‌ಸಿಗೆ (ಅಪೌಷ್ಟಿಕ ಮಕ್ಕಳ ಪುನಶ್ಚೇತನ ಕೇಂದ್ರ) ಹಾಕಿದ್ದಾರೆ. ಅಲ್ಲಿ ಮೊದಲು ಏನು ನೋಡಬೇಕು?

ಪಿಜಿ, ಮಕ್ಕಳ ವಿಭಾಗ

ರೆಟ್ಟೆ ಅಳೆಯುವ ಎಂಯುಎಸಿ ಟೇಪು ಸಿಸ್ಟರ್ ಹತ್ತಿರ ಇರುತ್ತೆ, ಒಂದು ಇಸ್ಕೊಳ್ಳಿ. ಆರು ತಿಂಗಳಿಂದ ಐದು ವರ್ಷದ ಮಕ್ಕಳಿಗೆ. ಎಡ ತೋಳು, ಭುಜ ಮತ್ತು ಮೊಣಕೈ ಮಧ್ಯಭಾಗ, ಕೈ ಸಡಿಲ ಬಿಟ್ಟಿರಬೇಕು. 11.5 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಕೆಂಪು. ಎರಡೂ ಪಾದ ಒತ್ತಿ ನೋಡಿ, ಗುಳಿ ಬಿದ್ದರೆ ಟೇಪು ಏನೇ ಹೇಳಲಿ ತೀವ್ರ ಅಪೌಷ್ಟಿಕತೆಯೇ. ಮಗು ಬಂದ ಕೂಡಲೇ ಸಕ್ಕರೆ ಪ್ರಮಾಣ ಮತ್ತು ಮೈ ಬಿಸಿ ನೋಡಿ, ಈ ಮಕ್ಕಳು ರಾತ್ರಿ ತಣ್ಣಗಾಗಿ ಶುಗರ್ ಬಿದ್ದು ಹೋಗಿಬಿಡ್ತವೆ. ಮೊದಲು ಎಫ್-75 ಅನ್ನೋ ಹಾಲಿನ ಮಿಶ್ರಣ ಸ್ವಲ್ಪ ಸ್ವಲ್ಪ, ಎರಡು ಗಂಟೆಗೊಮ್ಮೆ, ರಾತ್ರಿಯೂ. ಬಡಕಲು ಅಂತ ಒಮ್ಮೆಲೇ ಜಾಸ್ತಿ ತಿನ್ನಿಸಬಾರದು. ರಾತ್ರಿ ಎರಡು ಗಂಟೆಯ ಫೀಡ್ ತಪ್ಪದೆ ನಡೆಯಿತಾ ಅಂತ ಖುದ್ದಾಗಿ ಹೋಗಿ ನೋಡಿ, ಸಾಮಾನ್ಯವಾಗಿ ತಪ್ಪೋದು ಅದೇ.